ಕುಂಟಿದ ಮೂರನೆಯ ಸಾಲು

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಲಾರೆನ್ಸ್ ನನ್ನ ಬಾಗಿಲು ತಟ್ಟಿದ. ನೈರೋಬಿಯ ಹೈರಿಡ್ಜ್‌ನ ನಮ್ಮ ಕಟ್ಟಡಕ್ಕೆ ಅವನೇ ಕೇರ್‌ಟೇಕರ್. ಹನ್ನೊಂದು ವರ್ಷದಿಂದ ಇಲ್ಲಿದ್ದಾನೆ. ಕಾರಣವಿಲ್ಲದೆ ಮೆಟ್ಟಿಲು ಹತ್ತುವವನಲ್ಲ. ಇಲ್ಲಿನವರು ಹೆಂಗಸರನ್ನು ಗೌರವದಿಂದ ಕರೆಯುವುದು ಮಾಮಾ ಎಂದು.

"ಮಾಮಾ ಜಾಹ್ನವಿ, ಲಿಫ್ಟ್ ಪಕ್ಕದ ಬೋರ್ಡಿಗೆ ಯಾರೋ ಕಾಗದ ಅಂಟಿಸಿದ್ದಾರೆ. ನಿಮ್ಮ ಭಾಷೆಯ ಅಕ್ಷರ. ಓದಿದವರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಿದ್ದಾರೆ. ಯಾರೂ ನಗುತ್ತಿಲ್ಲ."

ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಒಂದೇ ಹಾಳೆ. ಒಂದೇ ಮಗ್ಗುಲಿಗೆ ಮುದ್ರಣ. ಮೇಲೆ ಸೀರೆಯುಟ್ಟ ಟೀಚರ್ ಮತ್ತು ಮಕ್ಕಳ ಚಿತ್ರ. ಕೆಳಗೆ ಹಾಡು.

ಕೇಳಿರಿ ಕೇಳಿರಿ ನೆರೆಮನೆ ಜನರೇ
ಹೇಳುವೆ ನಡೆದುದ ನಡೆದಿರುವಂತೆ
ಪಾಠವ ಕಲಿಸುವ ಟೀಚರು
ಕೂಸನು ಕತ್ತಲೆಗಟ್ಟಿದಳಂತೆ

ಅಳುತಲಿ ಮಗುವದು ಬಾಗಿಲು ಬಡಿಯಲು
ನಗುತಲಿ ಹೊರಗಡೆ ನಿಂತಿಹಳಂತೆ
ಮಕ್ಕಳ ಹೆತ್ತವರೇಳಿರಿ
ಮನೆಮನೆ ಮಾತಿದು ಸುಳ್ಳಲ್ಲಂತೆ

ಹೆಸರಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ. ನಮ್ಮ ಕಟ್ಟಡದ ಕೆಳಗಿನ ಹಾಲಿನಲ್ಲಿ ಪ್ರತಿ ಶನಿವಾರ ಕನ್ನಡ ಪಾಠ ಮಾಡುವವಳು ಒಬ್ಬಳೇ, ಶೆರಿಲ್.

ಹಾಳೆಯ ಮೂಲೆ ಎಬ್ಬಿಸಿ ನೋಡಿದೆ. ಸೆಲ್ಲೋಟೇಪ್ ಅಲ್ಲ, ಪಿನ್ನೂ ಅಲ್ಲ. ಮೈದಾ ಕಾಯಿಸಿ ಮಾಡಿದ ಅಂಟು. ಇನ್ನೂ ಹಸಿ ಇತ್ತು. ಬೆರಳಿಗೆ ಬಂತು.

"ಅಂಟಿಸಿದವರನ್ನ ನೋಡಿದೆಯಾ?" ಎಂದು ಕೇಳಿದೆ.

"ಇಲ್ಲ. ಆರರಿಂದ ಏಳರವರೆಗೆ ನಾನು ಗೇಟಿನಲ್ಲಿ. ಎಲ್ಲರೂ ಕಾರು ತೆಗೆಯುವ ಹೊತ್ತು."

ನಾನು ಮನೆಗೆ ವಾಪಸು ಬರುವಷ್ಟರಲ್ಲಿ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಆ ಹಾಳೆಯ ಫೋಟೋ ಮೂರು ಸಲ ಬಂದಿತ್ತು.

* * *

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇದರಲ್ಲಿ ನಾನು ಯಾಕೆ ಮೂಗು ತೂರಿಸಿದೆ ಎಂದು ನೀವೇ ಕೇಳುತ್ತೀರಿ. ಮೈಸೂರಿನಲ್ಲಿ ಏಳು ವರ್ಷ ಮಣ್ಣು ಹೊತ್ತು ಪಿಎಚ್‌ಡಿ ಮಾಡಿದವಳು ನಾನು. ವಿಷಯ, ನಾನೂರು ವರ್ಷದ ಹಿಂದಿನ ಇಂಗ್ಲೆಂಡಿನ ಬೀದಿ ಹಾಡುಗಳು. ಆಗ ಒಂದು ಪೆನ್ನಿ ನಾಣ್ಯಕ್ಕೆ ಒಂದು ಹಾಡಿನ ಹಾಳೆ ಮಾರುತ್ತಿದ್ದರು. ಕೊಲೆ, ಬೆಂಕಿ, ಪ್ರವಾಹ, ಎರಡು ತಲೆಯ ಕರು, ಎಲ್ಲ ಸುದ್ದಿಯೂ ಹಾಡೇ. ಜನ ಅದನ್ನು ಕೊಂಡು ಹೆಂಡದಂಗಡಿಯ ಗೋಡೆಗೆ ಅಂಟಿಸಿ ಹಾಡುತ್ತಿದ್ದರು. ಆಗದವರ ಮೇಲೆ ಹಾಡು ಕಟ್ಟಿ ಅವರದೇ ಬಾಗಿಲಿಗೆ ಅಂಟಿಸಿ ಬರುವುದೂ ಇತ್ತು. ಎಷ್ಟೋ ಹೆಣ್ಣುಮಕ್ಕಳ ಬಾಳು ಅಂಥ ಒಂದು ಹಾಳೆಯಿಂದ ಮೂರಾಬಟ್ಟೆಯಾಗಿದ್ದನ್ನು ಕೋರ್ಟಿನ ಕಡತಗಳಲ್ಲಿ ಓದಿದ್ದೇನೆ.

"ಇದನ್ನ ಓದಿ ಏನ್ ಮಾಡ್ತೀಯಾ?" ಎಂದು ಎಲ್ಲರೂ ಕೇಳಿದ್ದರು. ನೈರೋಬಿಗೆ ಬಂದ ಮೇಲೆ ಉತ್ತರ ಸಿಕ್ಕಿತು. ಏನೂ ಮಾಡುವುದಿಲ್ಲ. ಗಂಡ ರಜತ್‌ಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸ. ಈ ತಿಂಗಳು ಕಿಗಾಲಿ, ಹೋದ ತಿಂಗಳು ಕಂಪಾಲ. ಹೆಂಡತಿಗೆ ಕೊಡುವ ಪಾಸಿನಲ್ಲಿ ನಾನು ಕೆಲಸ ಮಾಡುವ ಹಾಗಿಲ್ಲ. ಒಬ್ಬಳಿಗೆ ಅಡುಗೆ, ಒಬ್ಬಳಿಗೆ ಕಾಫಿ. ಮಾತಾಡದೆ ಗಂಟಲು ಕಟ್ಟಿಹೋಗುತ್ತದೆಂದು ಕೆಲವು ದಿನ ಕುಕ್ಕರಿಗೆ ಬೈದಿದ್ದೂ ಉಂಟು.

ಈ ಊರಿನಲ್ಲಿ ನನ್ನನ್ನು "ಊಟ ಆಯ್ತೇನೇ?" ಎಂದು ಕೇಳುವವರು ಒಬ್ಬರೇ. ನಾಲ್ಕನೇ ಮಹಡಿಯ ವಿನೋದಿನಮ್ಮ. ಎಪ್ಪತ್ತೆರಡು ವರ್ಷ. ಮಗ ಶಿಶಿರ್ ಬ್ಯಾಂಕಿನಲ್ಲಿ, ಸೊಸೆ ಪ್ರಗತಿ ಗಿಗಿರಿಯ ಆಫೀಸಿನಲ್ಲಿ. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಾರೆ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನಾನು ಅವರ ಮನೆಗೆ ಹೋಗುತ್ತೇನೆ. ಅವರು ಆರತಿ ಹಾಡುತ್ತಾರೆ. ಕೋಸಂಬರಿ ಕೊಡುತ್ತಾರೆ. ನನ್ನ ವಾರಕ್ಕೆ ಇರುವ ಹಬ್ಬ ಅದೊಂದೇ.

* * *

ಸಂಜೆ ಶೆರಿಲ್ ಬಂದಳು. ಮೂವತ್ತೊಂದು ವರ್ಷದ ಹುಡುಗಿ. ಮಂಗಳೂರಿನವಳು. ಮನೆಮಾತು ಕೊಂಕಣಿ. ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಶನಿವಾರದ ಕನ್ನಡ ಪಾಠಕ್ಕೆ ಬಿಡಿಗಾಸು ತೆಗೆದುಕೊಳ್ಳುತ್ತಿರಲಿಲ್ಲ.

"ನಾನು ಕೂಡಿಹಾಕ್ಲಿಲ್ಲ ಅಕ್ಕ," ಎಂದಳು. ಅಳಲಿಲ್ಲ. ಅತ್ತು ಮುಗಿಸಿ ಬಂದಿದ್ದಳು.

"ಮತ್ತೆ ಆಗಿದ್ದೇನು?"

"ಹೋದ ಶನಿವಾರ ಮಕ್ಕಳು ಕಣ್ಣಾಮುಚ್ಚಾಲೆ ಆಡ್ತಾ ಇದ್ರು. ಸಾನ್ವಿ ಹೋಗಿ ಸ್ಟೋರ್‌ರೂಮಲ್ಲಿ ಅಡಗಿ ಕೂತದ್ದು. ಬಾಗಿಲು ಸಿಕ್ಕಿಹಾಕ್ಕೊಂಡಿತು. ಅಷ್ಟರಲ್ಲಿ ಕರೆಂಟೂ ಹೋಯ್ತು. ಲಾರೆನ್ಸ್ ಬಂದು ತೆಗೆಯುವವರೆಗೆ ನಾನು ಹೊರಗೆ ಕೂತು ಎಂತೆಂತದೋ ತಮಾಷೆ ಹೇಳಿ ನಗಾಡಿದೆ. ಅವಳಿಗೆ ಹೆದರಿಕೆ ಆಗ್ಬಾರ್ದಲ್ವಾ?"

ಸಾನ್ವಿ ವಿನೋದಿನಮ್ಮನ ಮೊಮ್ಮಗಳು. ಒಂಬತ್ತು ವರ್ಷ.

"ಪ್ರಗತಿಗೆ ಹೇಳಿದ್ಯಾ?"

"ಇಲ್ಲ. ಮಮ್ಮಿ ಬೈತಾರೆ, ಹೇಳ್ಬೇಡಿ ಮಿಸ್ ಅಂತ ಕೈ ಹಿಡಿದಳು. ಹೂಂ ಅಂದೆ. ಅದೇ ನನ್ನ ತಪ್ಪು. ಈಗ ಹೇಳಿದ್ರೆ ಮುಚ್ಚಿಟ್ಟದ್ದು ಅಂತಾರೆ."

"ಬೇರೆ ಮಕ್ಕಳು?"

"ಅವರೆಲ್ಲ ಅಂಗಳದಲ್ಲಿ ಇದ್ರು. ಸ್ಟೋರ್‌ರೂಮಿನ ವಿಷಯ ಗೊತ್ತಿರುವುದು ಮೂವರಿಗೇ. ನಾನು, ಸಾನ್ವಿ, ಲಾರೆನ್ಸ್."

ಭಾನುವಾರ ನಾಲ್ಕಕ್ಕೆ ಸಂಘದ ಮೀಟಿಂಗ್ ಕರೆದಿದ್ದರು. ಶೆರಿಲ್‌ಳ ಶಾಲೆಗೆ ದೂರು ಬರೆಯಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನ.

"ಸಂಘದಿಂದ ಕಾಗದ ಹೋದ್ರೆ ನನ್ನನ್ನು ಇಟ್ಕೊಳ್ಳುವುದಿಲ್ಲ. ಕೆಲಸ ಹೋದ್ರೆ ಪರ್ಮಿಟ್ ಹೋಯ್ತು. ಊರಿಗೆ ಬೇಕಾದ್ರೆ ಹೋಗ್ತೇನೆ ಅಕ್ಕ. ಆದ್ರೆ ಮಕ್ಕಳನ್ನು ಹಿಂಸೆ ಮಾಡಿದವಳು ಅಂತ ಹೆಸರು ಬಂದ ಮೇಲೆ ಇನ್ನು ಯಾವ ಶಾಲೆಯವರು ಸೇರಿಸ್ತಾರೆ? ನನಗೆ ಪಾಠ ಮಾಡುವುದು ಬಿಟ್ಟು ಬೇರೆ ಎಂತದೂ ಬರುವುದಿಲ್ಲ."

ಕಲಿತದ್ದನ್ನು ಬಿಟ್ಟು ಬಂದ ನನಗೆ ಆ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಭಾನುವಾರದವರೆಗೆ ಟೈಮ್ ಇದೆ," ಎಂದೆ. "ಮೊದಲು ಊಟ ಮಾಡು."

* * *

ಗುಂಪಿನಲ್ಲಿ ಎಲ್ಲರೂ ಬೆರಳು ತೋರಿಸಿದ್ದು ಚಿನ್ಮಯ್ ಕಡೆಗೆ. ಐಟಿ ಹುಡುಗ, ಎರಡನೇ ಮಹಡಿ. ಸಂಘದ ಪೋಸ್ಟರುಗಳನ್ನೆಲ್ಲ ಮಾಡುವವನು ಅವನು. ಹಾಳೆಯ ಮೇಲಿದ್ದ ಟೀಚರ್ ಚಿತ್ರ ಜೂನ್ ತಿಂಗಳಲ್ಲಿ ಅವನೇ ಮಾಡಿದ ಕನ್ನಡ ಪಾಠದ ಪೋಸ್ಟರಿನದು.

"ಆಂಟಿ, ಸೀರಿಯಸ್ಲಿ, ನಾನು ಮಾಡ್ಲಿಲ್ಲ," ಎಂದ. ಮುಖ ಬಿಳಿಚಿಕೊಂಡಿತ್ತು.

"ಆಂಟಿ ಅನ್ನೋದು ಬಿಟ್ರೆ ನಂಬ್ತೀನಿ."

"ಸಾರಿ ಮೇಡಂ. ಆ ಪಿಕ್ಚರ್ ಗ್ರೂಪಲ್ಲೇ ಇದೆ. ಹಂಡ್ರೆಡ್ ಅಂಡ್ ಫಾರ್ಟಿ ಮೆಂಬರ್ಸ್. ಯಾರ್ ಬೇಕಾದ್ರೂ ಡೌನ್‌ಲೋಡ್ ಮಾಡಬಹುದು."

ಅವನ ಮಾತು ನಿಜ. ನಾನೂರು ವರ್ಷದ ಹಿಂದೆಯೂ ಹೀಗೇ ಇತ್ತು. ಒಂದೇ ಮರದ ಅಚ್ಚು ಒಂದು ಹಾಳೆಯಲ್ಲಿ ರಾಣಿ, ಇನ್ನೊಂದರಲ್ಲಿ ಗಂಡನನ್ನು ಕೊಂದವಳು. ಅಚ್ಚು ನೋಡಿ ಹಾಡು ಕಟ್ಟಿದವರನ್ನು ಹಿಡಿಯಲು ಹೋದವರು ಯಾರೂ ಗೆದ್ದಿಲ್ಲ.

"ಹಾಳೆ ಅಂಟಿಸಬೇಕು ಅಂದ್ರೆ ಏನ್ ತಗೋತೀಯಾ?"

"ಬ್ಲೂ ಟ್ಯಾಕ್. ಇಲ್ಲಾಂದ್ರೆ ಸೆಲ್ಲೋಟೇಪ್. ಯಾಕೆ?"

"ಮೈದಾ ಅಂಟು ಮಾಡೋಕೆ ಬರುತ್ತಾ?"

"ಮೈದಾದಲ್ಲಿ ಅಂಟು ಮಾಡ್ತಾರಾ?" ಎಂದು ಅವನು ಬಾಯಿ ತೆರೆದು ನಿಂತ. ಅವನ ಹೆಸರನ್ನು ಅಲ್ಲಿಗೇ ಬಿಟ್ಟೆ.

* * *

ಗುರುವಾರ ಲೊರೆಶೋಗೆ ಹೋದೆ. ಸಂಘದ ಅಧ್ಯಕ್ಷ ದ್ವಾರಕಾನಾಥ್ ಅವರ ಮನೆ ಅಲ್ಲಿದೆ. ವಯಸ್ಸು ಅರವತ್ತೆಂಟು. ಯಾರ ಮನೆಯಲ್ಲಿ ಏನೇ ಆಗಲಿ, ಪದ್ಯ ಬರೆದು ತಂದು ಓದದೆ ಬಿಡುವವರಲ್ಲ. ಮಕ್ಕಳಿಗೆ ಕಲಿಸಲೆಂದು ಕೊಟ್ಟ ಪದ್ಯವನ್ನು ಶೆರಿಲ್ "ಮಕ್ಕಳಿಗೆ ಕಷ್ಟ ಆಗ್ತದೆ ಸರ್" ಎಂದು ವಾಪಸು ಕೊಟ್ಟಿದ್ದಳು. ಆ ಸಿಟ್ಟು ಅವರಿಗೆ ಇನ್ನೂ ಇತ್ತು. ಸಾಲದ್ದಕ್ಕೆ ಅವರ ಮೇಜಿನ ಮೇಲೆ ಬಟ್ಟಲಿನಲ್ಲಿ ಮೈದಾ ಅಂಟು. ಪತ್ರಿಕೆಯ ತುಣುಕುಗಳನ್ನು ಪುಸ್ತಕಕ್ಕೆ ಅಂಟಿಸುತ್ತಿದ್ದರು.

ಸಿಕ್ಕಿಬಿದ್ದರು ಅಂದುಕೊಂಡೆ. ಏನೂ ಹೇಳದೆ ಹಾಡಿನ ಹಾಳೆ ಎದುರಿಗಿಟ್ಟೆ.

"ನಾನು ಬರೆದದ್ದು ಅಂದ್ಕೊಂಡು ಬಂದ್ಯೇನಮ್ಮ?" ಎಂದರು. ಬೆರಳು ಮಡಚುತ್ತಾ ಎಣಿಸಿದರು. "ಹದಿನಾರು ಮಾತ್ರೆ. ಹದಿನಾರು. ಇದು ಹನ್ನೆರಡೇ. ಮತ್ತೆ ಹದಿನಾರು. ಮೂರನೇ ಸಾಲು ಕುಂಟ್ತಾ ಇದೆ. ಕೆಳಗೆ ನೋಡು, ಅಲ್ಲೂ ಮೂರನೇ ಸಾಲು ಹನ್ನೆರಡೇ. ಟೀಚರಮ್ಮನ ಮೇಲೆ ಕೋಪ ಇದೆ, ಇಲ್ಲ ಅನ್ನಲ್ಲ. ಆದ್ರೆ ಕಾಲು ಮುರಿದ ಪದ್ಯ ನಾನು ಬರೀತೀನಾ? ಅದಕ್ಕಿಂತ ನೇಣು ಹಾಕ್ಕೋತೀನಿ."

ಅವರ ಕಣ್ಣಿನಲ್ಲಿದ್ದದ್ದು ಕಳ್ಳನ ಭಯವಲ್ಲ, ಕವಿಯ ಅವಮಾನ. ನಂಬಿದೆ.

"ಹಾಗಾದ್ರೆ ಶಾಲೆಗೆ ಕಾಗದ ಯಾಕೆ ಸರ್?"

"ನೂರು ಜನ ಕೇಳ್ತಿದಾರಮ್ಮ. ಅಧ್ಯಕ್ಷ ಆದವನು ಸುಮ್ನೆ ಇರೋಕಾಗುತ್ತಾ? ಬರೆದವರು ಸಿಗಲಿ, ಆ ಕಾಗದ ಹರಿದು ಹಾಕ್ತೀನಿ."

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅದೇ ಯೋಚನೆ. ಒಂದು ಸಲ ಕುಂಟಿದರೆ ತಪ್ಪು. ಎರಡು ಸಲ ಒಂದೇ ಜಾಗದಲ್ಲಿ, ಅಷ್ಟೇ ನಾಲ್ಕು ಮಾತ್ರೆ ಕಡಿಮೆಯಾದರೆ ಅದು ತಪ್ಪಲ್ಲ, ಅಭ್ಯಾಸ. ಆ ಕಾಲದ ಇಂಗ್ಲೆಂಡಿನ ಹಾಳೆಗಳ ನೆತ್ತಿಯ ಮೇಲೆ ಇಂಥ ಧಾಟಿಯಲ್ಲಿ ಹಾಡಿಕೊಳ್ಳಿ ಎಂದು ಅಚ್ಚಾಗಿರುತ್ತಿತ್ತು. ನಮ್ಮಲ್ಲೂ ಹಳೆಯ ಹಾಡಿನ ಪುಸ್ತಕಗಳಲ್ಲಿ "ಎಂಬ ಮಟ್ಟು" ಎಂದು ಹಾಕುತ್ತಿದ್ದರಲ್ಲ, ಹಾಗೇ. ಹೊಸದಾಗಿ ಹಾಡು ಕಟ್ಟುವವರು ಮಾತು ಹುಡುಕುತ್ತಾರೆ, ಮಟ್ಟು ಹುಡುಕುವುದಿಲ್ಲ. ಅದು ಬಾಯಲ್ಲಿ ಮೊದಲೇ ಇರುತ್ತದೆ. ಈ ಹಾಡಿನ ಮಟ್ಟು ಯಾವುದು? ಮೂರನೆಯ ಸಾಲಿನ ಕೊನೆಗೆ ಬಾಯಿ ಸುಮ್ಮನಾಗುವ ಮಟ್ಟು?

ಅಂಗಳದಲ್ಲಿ ಮಕ್ಕಳು ಆಗಲೇ ಅದನ್ನು ಯಾವುದೋ ಧಾಟಿಯಲ್ಲಿ ಹಾಡಿಕೊಂಡು ಕುಂಟಾಬಿಲ್ಲೆ ಆಡುತ್ತಿದ್ದವು. ಅರ್ಥ ಅರ್ಧಕ್ಕರ್ಧ ಗೊತ್ತಿಲ್ಲ. ಮೂರನೆಯ ಸಾಲಿಗೆ ಬಂದಾಗ "ಟೀಚರೂಊಊ" ಎಂದು ಎಳೆಯುತ್ತಿದ್ದವು. ಗೇಟಿನಿಂದ ಒಳಗೆ ಬರುತ್ತಿದ್ದ ಶೆರಿಲ್ ಅದನ್ನು ಕೇಳಿ ಹಾಗೇ ಹಿಂದಿರುಗಿ ರಸ್ತೆಗೆ ಹೋದಳು.

* * *

ಶುಕ್ರವಾರ ದೀಪದ ಹೊತ್ತಿಗೆ ವಿನೋದಿನಮ್ಮನ ಮನೆಗೆ ಹೋದೆ. ಎಂದಿನಂತೆ ಅವರೊಬ್ಬರೇ.

"ಊಟ ಆಯ್ತೇನೇ? ಮುಖ ಯಾಕೆ ಹೀಗಿದೆ?"

"ಶೆರಿಲ್ ವಿಷ್ಯ ಅಮ್ಮ. ಭಾನುವಾರ ಕಾಗದ ಬರೆದ್ರೆ ಅವಳ ಕೆಲಸ ಹೋಗುತ್ತೆ. ದೇಶ ಬಿಟ್ಟು ಹೋಗ್ಬೇಕಾಗುತ್ತೆ."

ಬತ್ತಿ ಹೊಸೆಯುತ್ತಿದ್ದ ಅವರ ಕೈ ಒಂದು ಗಳಿಗೆ ನಿಂತಿತು. "ಅಷ್ಟೊಂದಾ?" ಎಂದರು. ಆಮೇಲೆ ಎದ್ದು ಆರತಿ ಬೆಳಗಿಸಿದರು.

ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ. ಅವರ ಅಜ್ಜಿ ಕಟ್ಟಿದ ಹಾಡು. ಎಲ್ಲೂ ಅಚ್ಚಾಗಿಲ್ಲ, ಅವರ ಮನೆಯವರ ಬಾಯಲ್ಲಿ ಮಾತ್ರ ಇರುವುದು. ಎರಡು ವರ್ಷದಿಂದ ನಾನು ಕೇಳುತ್ತಿದ್ದೇನೆ. ಆವತ್ತು ಮಾತ್ರ ನನ್ನ ಬೆರಳುಗಳು ತಾವಾಗಿ ಮಡಚಿಕೊಂಡವು. ಒಂದನೇ ಸಾಲು, ಹದಿನಾರು. ಎರಡನೆಯದು, ಹದಿನಾರು. ಮೂರನೆಯದು ಹನ್ನೆರಡಕ್ಕೆ ನಿಂತಿತು. ಬಾಯಿ ಸುಮ್ಮನಾಯಿತು. ಗಂಟೆ ಎರಡು ಸಲ ಆಡಿತು. ಟಿಣ್, ಟಿಣ್. ನಾಲ್ಕನೆಯ ಸಾಲು.

ಹಾಳೆಯ ಹಾಡು ನಿಲ್ಲುವುದೂ ಅಲ್ಲೇ.

ಮಂಗಳಾರತಿ ಕೊಟ್ಟರು. ಕಣ್ಣಿಗೊತ್ತಿಕೊಂಡೆ.

"ಅಮ್ಮ, ಅಲ್ಲಿ ಹಾಡು ಯಾಕೆ ನಿಲ್ಲಿಸ್ತೀರಾ?"

"ಅದಾ? ನಮ್ಮಜ್ಜಿ ಹೇಳೋರು. ಅದು ದೇವರ ಪಾಲು ಕಣೇ. ಅಲ್ಲಿ ಗಂಟೆ ಮಾತಾಡ್ಬೇಕು, ನಾವು ಬಾಯಿ ಹಾಕ್ಬಾರ್ದು."

ಕೋಸಂಬರಿಯ ಬಟ್ಟಲು ಹಾಗೇ ಕೆಳಗಿಟ್ಟೆ. ಈ ಬಾಗಿಲು ನನಗೆ ಮುಚ್ಚಿತು ಎಂದು ಆಗಲೇ ಗೊತ್ತಾಗಿತ್ತು. ಸುಮ್ಮನಿದ್ದುಬಿಡಲೇ ಎಂದೂ ಅನ್ನಿಸಿತು. ನಾಚಿಕೆಯ ಮಾತು, ಆದರೆ ಅನ್ನಿಸಿದ್ದು ನಿಜ. ಮೆಟ್ಟಿಲ ಬಳಿ ನಿಂತು ಹೇಳಿದೆ, "ಭಾನುವಾರ ಮೀಟಿಂಗಿಗೆ ಬನ್ನಿ ಅಮ್ಮ. ಹೇಳೋದೇನಾದ್ರೂ ಇದ್ರೆ ನೀವಾಗಿ ಹೇಳಿ."

ಅವರು ಬಾಗಿಲು ಹಾಕಿಕೊಂಡರು.

* * *

ಮಟ್ಟೊಂದೇ ಸಾಕ್ಷಿಯಾಗದು. ಶನಿವಾರ ಲಿಫ್ಟಿನಲ್ಲಿ ಸಾನ್ವಿ ಸಿಕ್ಕಳು. ಪಾಠ ರದ್ದಾಗಿದ್ದರಿಂದ ಸಪ್ಪೆಯಾಗಿದ್ದಳು.

"ಸ್ಟೋರ್‌ರೂಮ್ ವಿಷ್ಯ ಯಾರಿಗೆ ಹೇಳಿದೆ ಪುಟ್ಟಿ?"

"ನೋಬಡಿ, ಆಂಟಿ. ಪ್ರಾಮಿಸ್."

"ಯಾರಿಗೂ?"

"ಓನ್ಲಿ ಅಜ್ಜಿ. ಬಟ್ ಅಜ್ಜಿ ಡಸಂಟ್ ಕೌಂಟ್. ಶಿ ಡಸಂಟ್ ಟಾಕ್ ಟು ಎನಿಒನ್."

ಕೆಳಗೆ ಲಾರೆನ್ಸ್ ಗಿಡಕ್ಕೆ ನೀರು ಹಾಕುತ್ತಿದ್ದ. ಮಂಗಳವಾರ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಿದೆ. ಅಂಟಿಸಿದವರನ್ನಲ್ಲ, ಮುದ್ರಿಸಿದವರನ್ನು.

"ನಾಲ್ಕನೇ ಮಹಡಿಯ ಶೋಶೋ ಸೋಮವಾರ ಸೈಬರ್ ಅಂಗಡಿಗೆ ಹೋಗಬೇಕು ಅಂದರು. ರಸ್ತೆ ದಾಟಿಸಿ ಕರೆದುಕೊಂಡು ಹೋದೆ. ಫೋನಿನಿಂದ ಏನೋ ಪ್ರಿಂಟ್ ಮಾಡಿಸಿದರು. ಪ್ರಾರ್ಥನೆ ಅಂದರು." ಶೋಶೋ ಎಂದರೆ ಇಲ್ಲಿ ಅಜ್ಜಿ. ಅವನು ಪೈಪು ಕೆಳಗೆ ಹಾಕಿದ. "ಮಾಮಾ, ಪ್ರಾರ್ಥನೆ ಅಲ್ಲವಾ ಅದು?"

* * *

ಭಾನುವಾರ ಹಾಲಿನಲ್ಲಿ ಮೂವತ್ತು ಕುರ್ಚಿ. ದ್ವಾರಕಾನಾಥ್ ಕಾಗದದ ಕರಡು ಓದಿದರು. ಶೆರಿಲ್ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು. ಅವಳ ಎರಡೂ ಬದಿಯ ಕುರ್ಚಿಗಳು ಖಾಲಿ. ವಿನೋದಿನಮ್ಮ ಮಗ, ಸೊಸೆಯ ನಡುವೆ ಮುಂದಿದ್ದರು.

"ಯಾರಾದರೂ ಏನಾದರೂ ಹೇಳುವುದಿದೆಯೇ?" ಎಂದರು ಅಧ್ಯಕ್ಷರು.

ನಾನು ವಿನೋದಿನಮ್ಮನನ್ನೇ ನೋಡಿದೆ. ಅವರು ಸೆರಗಿನ ಅಂಚು ನೋಡುತ್ತಿದ್ದರು. ಯಾರೂ ಏಳಲಿಲ್ಲ.

ನಾನು ಎದ್ದೆ. ಚೀಲದಿಂದ ನಮ್ಮ ಮನೆಯ ಪೂಜೆಯ ಗಂಟೆ ತೆಗೆದೆ. ಹಾಳೆಯ ಹಾಡನ್ನು ಅದರ ಸ್ವಂತ ಮಟ್ಟಿನಲ್ಲಿ ಹಾಡಿದೆ. ನನ್ನ ಗಂಟಲು ಅಷ್ಟಕ್ಕಷ್ಟೇ. ಆದರೂ ಮೂರನೆಯ ಸಾಲು ಬಂತು. ಪಾಠವ ಕಲಿಸುವ ಟೀಚರು. ಬಾಯಿ ಮುಚ್ಚಿದೆ. ಟಿಣ್, ಟಿಣ್.

ಶಿಶಿರ್ ತಟ್ಟನೆ ತಾಯಿಯ ಕಡೆ ತಿರುಗಿದ. ಹುಟ್ಟಿದಾಗಿನಿಂದ ಆ ಮಟ್ಟು ಕೇಳಿದವನು ಅವನು.

"ಹಾಡು ಕುಂಟಿಲ್ಲ," ಎಂದೆ. "ಕಟ್ಟಿದವರು ಗಂಟೆಗೆ ಜಾಗ ಬಿಟ್ಟಿದ್ದಾರೆ. ಚಿಕ್ಕಂದಿನಿಂದ ಹಾಗೆ ಬಿಟ್ಟು ಅಭ್ಯಾಸ. ಸುಳ್ಳು ಕಟ್ಟುವಾಗಲೂ ಬಾಯಿ ಅಲ್ಲಿ ನಿಂತಿದೆ. ಚಿತ್ರ ಗುಂಪಿನದು, ಅದು ಯಾರಿಗಾದರೂ ಸಿಗುತ್ತೆ. ಮೈದಾ ಅಂಟು ಹಳಬರ ಕೈಕೆಲಸ. ಸೋಮವಾರ ಸೈಬರ್ ಅಂಗಡಿಗೆ ಕರೆದುಕೊಂಡು ಹೋಗಿದ್ದು ಲಾರೆನ್ಸ್. ಸ್ಟೋರ್‌ರೂಮ್ ಸಂಗತಿಯನ್ನ ಸಾನ್ವಿ ಹೇಳಿದ್ದು ಒಬ್ಬರಿಗೇ. ಬಾಗಿಲು ತಾನಾಗಿ ಸಿಕ್ಕಿಕೊಂಡಿತ್ತು. ಶೆರಿಲ್ ಹೊರಗೆ ಕೂತು ನಕ್ಕಿದ್ದು ಮಗು ಹೆದರಬಾರದು ಅಂತ. ಬಾಗಿಲು ತೆಗೆದ ಲಾರೆನ್ಸನ್ನೇ ಕೇಳಿ. ಒಂದು ಹಿಡಿ ನಿಜಕ್ಕೆ ಒಂದು ಸೇರು ಸುಳ್ಳು ಬೆರೆಸಿ, ಕೊನೆಗೊಂದು ಅಂತೆ ಸೇರಿಸಿದರೆ ಆಯ್ತು. ಅಂತೆಕಂತೆಗಳ ಸಂತೆ."

"ಅಮ್ಮ?" ಎಂದ ಶಿಶಿರ್.

ವಿನೋದಿನಮ್ಮ ತಲೆ ಎತ್ತಿದರು. "ಹೌದು ಕಣೋ, ನಾನೇ. ಫೋನಿಗೆ ಹೇಳ್ದೆ, ಅದು ಬರ್ಕೊಳ್ತು. ಚಿತ್ರ ಅಂಗಡಿಯವನು ಮೇಲೆ ಹಾಕ್ಕೊಟ್ಟ." ಸೆರಗಿನ ಅಂಚು ಬಿಟ್ಟು ಮಗನ ಕಡೆ ತಿರುಗಿದರು. "ಸಾನ್ವಿ ಸ್ಕೂಲಿಂದ ಬಂದು ನನ್ನ ಹತ್ರ ಕೂತ್ಕೋತಿತ್ತು. ಕಥೆ ಹೇಳು ಅಜ್ಜಿ, ಹಾಡು ಹೇಳು ಅಜ್ಜಿ. ಈ ಊರಲ್ಲಿ ನನ್ನ ಹತ್ರ ಕನ್ನಡ ಕೇಳೋ ಜೀವ ಅದೊಂದೇ. ಈ ಹುಡುಗಿ ಬಂದ್ಮೇಲೆ ಬರೋದೇ ಬಿಡ್ತು. ಮಿಸ್ ಹೇಳೋ ಕಥೆನೇ ಚೆನ್ನಾಗಿದೆ ಅಂತು. ಪಾಠ ನಿಂತ್ರೆ ಸಾಕು ಅಂದ್ಕೊಂಡೆ. ಕೆಲಸ ಹೋಗುತ್ತೆ ಅಂತ ಶುಕ್ರವಾರದವರೆಗೂ ಗೊತ್ತಿರ್ಲಿಲ್ಲ."

"ಗೊತ್ತಾದ ಮೇಲೆ?" ಎಂದೆ.

"ಹೆದರಿಕೆ ಆಯ್ತು."

"ನಾನು ಬರ್ತಿರ್ಲಿಲ್ವಾ ಅಮ್ಮ? ಪ್ರತಿ ಶುಕ್ರವಾರ?" ಸಭೆಯಲ್ಲಿ ಕೇಳುವ ಪ್ರಶ್ನೆಯಲ್ಲ. ಬಾಯಿಗೆ ಬಂದುಬಿಟ್ಟಿತು.

"ಬರ್ತಿದ್ದೆ. ವಾರಕ್ಕೆ ಒಂದು ಗಂಟೆ," ಎಂದರು. "ಮಿಕ್ಕ ಹೊತ್ತು ಏನ್ ಮಾಡ್ಲಿ ಹೇಳು."

ಗಂಟೆಯನ್ನು ಚೀಲಕ್ಕೆ ಹಾಕಿಕೊಂಡೆ. ಪ್ರಗತಿ ಕೈಯಲ್ಲಿ ಮುಖ ಮುಚ್ಚಿಕೊಂಡಳು. ದ್ವಾರಕಾನಾಥ್ ಕರಡನ್ನು ನಾಲ್ಕು ತುಂಡಾಗಿ ಹರಿದರು. ಶೆರಿಲ್ ಎದ್ದು ಬಂದು ವಿನೋದಿನಮ್ಮನ ಎದುರು ನಿಂತಳು. ಹೊರಗೆ ನಡೆದಳು. ಅಪರಾಧಿ ಸಿಕ್ಕಮೇಲೆ ಜನ ಚಪ್ಪಾಳೆ ತಟ್ಟುತ್ತಾರೆಂದು ಎಲ್ಲೋ ಓದಿದ್ದೆ. ಸುಳ್ಳು. ಎಲ್ಲರೂ ತಲೆ ತಗ್ಗಿಸಿ ಕಾರಿನ ಕೀ ಹುಡುಕಿಕೊಂಡರು.

* * *

ಆಮೇಲಿನ ಶನಿವಾರ ಪಾಠ ಮತ್ತೆ ಶುರುವಾಯಿತು. ಶೆರಿಲ್ ನಕ್ಕಳು, ಸ್ವಲ್ಪ ಕಡಿಮೆ. ಬೋರ್ಡನ್ನು ಲಾರೆನ್ಸ್ ಬಿಸಿನೀರು ಹಾಕಿ ಉಜ್ಜಿದ. ಹಾಳೆ ಹೋಯಿತು, ಹಾಡು ಹೋಗಲಿಲ್ಲ. ಅಂಗಳದಲ್ಲಿ ಮಕ್ಕಳು ಈಗಲೂ ಅದಕ್ಕೆ ಕುಂಟಾಬಿಲ್ಲೆ ಆಡುತ್ತವೆ. ನಾನೂರು ವರ್ಷದಿಂದ ಇದಕ್ಕೆ ಔಷಧಿ ಕಂಡುಹಿಡಿದವರಿಲ್ಲ.

ಎರಡು ಶುಕ್ರವಾರ ನಾನು ಮನೆಯಲ್ಲೇ ಕೂತೆ. "ಊಟ ಆಯ್ತೇನೇ" ಎಂದು ಯಾರೂ ಕೇಳಲಿಲ್ಲ. ರಜತ್ ಫೋನಿನಲ್ಲಿ "ನೀನು ಮಾಡಿದ್ದು ಸರಿ" ಎಂದ. ಸರಿ ಮಾಡಿದವಳ ಮನೆ ಇಷ್ಟು ನಿಶ್ಶಬ್ದವಾಗಿರುತ್ತದೆಂದು ಅವನಿಗೆ ಯಾರು ಹೇಳಬೇಕು?

ಮೂರನೇ ಶುಕ್ರವಾರ ದೀಪದ ಹೊತ್ತಿಗೆ ನಾಲ್ಕನೇ ಮಹಡಿ ಹತ್ತಿದೆ. ಬಾಗಿಲು ಹಾಕಿತ್ತು. ಒಳಗಿನಿಂದ ಆರತಿ ಹಾಡು ಕೇಳಿಸುತ್ತಿತ್ತು. ಸಣ್ಣ ಸ್ವರ. ಮೊದಲ ನುಡಿಯ ಮೂರನೆಯ ಸಾಲು ಮುಗಿಯಿತು. ಬಾಯಿ ನಿಂತಿತು. ಗಂಟೆ ಆಡಲಿಲ್ಲ. ಬರಿಯ ಮೌನ, ನಾಲ್ಕು ಮಾತ್ರೆಯಷ್ಟು. ಆಮೇಲೆ ನಾಲ್ಕನೆಯ ಸಾಲು.

ಗಂಟೆ ಹಿಡಿಯಲು ಅವರಿಗೆ ಕೈ ಬರುತ್ತಿಲ್ಲವೆಂದು ತಿಳಿಯಿತು.

ಎರಡನೆಯ ನುಡಿ ಶುರುವಾಯಿತು. ಒಂದನೆಯ ಸಾಲು, ಎರಡನೆಯದು, ಮೂರನೆಯದು. ಸ್ವರ ನಿಂತಿತು.

ನಾನು ಕಾಲಿಂಗ್ ಬೆಲ್ ಒತ್ತಿದೆ. ಎರಡು ಸಲ.